ಕಡಲತೀರದ ರಜೆಗೆ ಅಂಟಿಸಿದ ಹಂಪಿ

ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ ದೂಧ್‌ಸಾಗರದ ಬಳಿ ಘಟ್ಟ ಹತ್ತಿ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆ ಮುಟ್ಟುತ್ತದೆ. ನವೆಂಬರಿನಿಂದ ಫೆಬ್ರವರಿವರೆಗೆ ಈ ರೈಲಿನಿಂದ, ಗೋವಾ, ಗೋಕರ್ಣದ ರಾತ್ರಿ ಬಸ್ಸುಗಳಿಂದ ಇಳಿಯುವವರಲ್ಲಿ ಬಹಳ ಮಂದಿಗೆ ಹಂಪಿ ಎಂದರೆ ಸಮುದ್ರದ ರಜೆಯ ನಡುವೆ ಹೇಗೋ ಹೊಂದಿಸಿಕೊಂಡ ಒಂದು ದಿನ. ಬೆಳಿಗ್ಗೆ ವಿರೂಪಾಕ್ಷ, ಉರಿಬಿಸಿಲಲ್ಲಿ ಕಲ್ಲಿನ ರಥ, ಸಂಜೆ ಹೇಮಕೂಟ, ರಾತ್ರಿ ಮತ್ತೆ ಬಸ್ಸು. ಈ ಓಟದಲ್ಲಿ ಹಂಪಿಯ ಮಗ್ಗುಲಿನ ಊರು ಕಮಲಾಪುರ ನೀರಿನ ಬಾಟಲಿ ಕೊಳ್ಳುವ ಒಂದು ತಿರುವು, ಅಷ್ಟೇ.

ಇದಕ್ಕೆ ಪ್ರವಾಸಿಗಳನ್ನು ದೂರುವುದು ಸುಲಭ, ಆದರೆ ನ್ಯಾಯವಲ್ಲ. ಬಂದವರು ಉಳಿಯಬೇಕೆಂದರೆ ಉಳಿಯುವ ಜಾಗ ಬೇಕು, ಅದು ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿರಬೇಕು, ಕಾನೂನಿನ ಒಳಗೂ ಇರಬೇಕು. ಈ ಮೂರನ್ನೂ ಒಟ್ಟಿಗೆ ಕೊಡಬಲ್ಲ ಊರು ಕಮಲಾಪುರ. ಆ ಕೆಲಸಕ್ಕೆ ಅದನ್ನು ಸಜ್ಜುಗೊಳಿಸಬೇಕು ಎಂಬ ಯೋಚನೆಯೇ ಇಲ್ಲಿಯವರೆಗಿನ ಪ್ರವಾಸೋದ್ಯಮದ ಯೋಜನೆಗಳಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ.

ಕಡಲಿಂದ ಹಂಪಿಗೆ ಜನ ಬರುವುದು ಹೊಸದೇನಲ್ಲ. ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ 1443ರಲ್ಲಿ ಮಂಗಳೂರಿನ ಕಡೆಯಿಂದಲೇ ಘಟ್ಟ ಹತ್ತಿ ವಿಜಯನಗರಕ್ಕೆ ಬಂದ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಭಟ್ಕಳದಿಂದ ಒಳನಾಡಿಗೆ ಸಾಗುವ ಹೇರೆತ್ತುಗಳ ಸಾಲನ್ನು ಬಣ್ಣಿಸಿದ್ದಾನೆ. ಇಲ್ಲಿನ ಗುಡ್ಡವೊಂದನ್ನು ಹತ್ತಿ ನೋಡಿದಾಗ ನಗರ ರೋಮಿನಷ್ಟು ದೊಡ್ಡದಾಗಿ ಕಂಡಿತು ಎಂದೂ ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್ ಕುದುರೆ ವ್ಯಾಪಾರಿ. ಅರಬ್ ನಾಡಿನ, ಹೊರ್ಮುಜ್‌ನ ಕುದುರೆಗಳು ಗೋವಾ, ಭಟ್ಕಳದಲ್ಲಿ ಹಡಗಿಳಿದು ಇದೇ ದಿಕ್ಕಿಗೆ ನಡೆದವು. ಮಹಾನವಮಿ ದಿಬ್ಬದ ಗೋಡೆಗಳಲ್ಲಿ ಆ ಕುದುರೆಗಳೂ ಅವುಗಳನ್ನು ಹಿಡಿದು ನಿಂತ ಪರದೇಶಿಗಳೂ ಇಂದಿಗೂ ಇದ್ದಾರೆ. ಇವರ್‍ಯಾರೂ ಒಂದು ದಿನಕ್ಕೆ ಬಂದವರಲ್ಲ. ರಜಾಕ್ ತಿಂಗಳುಗಟ್ಟಲೆ ಇದ್ದ. ಪಾಯೆಸ್ ಒಂಬತ್ತು ದಿನದ ಮಹಾನವಮಿಯನ್ನು ಕಣ್ಣಾರೆ ಕಂಡ. ಅವರ ಬರಹಕ್ಕೆ ಬೆಲೆ ಬಂದದ್ದು ಅವರು ಉಳಿದದ್ದರಿಂದ.

ಆ ಹಾದಿ ಈಚಿನ ದಶಕಗಳಲ್ಲಿ ಇನ್ನೊಂದು ಸರಕನ್ನೂ ಹೊತ್ತಿತು. ಅಂಕೋಲಾದಿಂದ ಹುಬ್ಬಳ್ಳಿ, ಹೊಸಪೇಟೆ, ಬಳ್ಳಾರಿ ಮೂಲಕ ಗುತ್ತಿಗೆ ಹೋಗುವ ಹಳೆಯ 63ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಡೂರು, ಹೊಸಪೇಟೆಯ ಅದಿರಿನ ಲಾರಿಗಳು ಬೇಲೆಕೇರಿ ಬಂದರಿನತ್ತ ಸಾಲುಗಟ್ಟಿ ಹೊರಟಿದ್ದ ಕಾಲವನ್ನು ಇಲ್ಲಿನವರು ಮರೆತಿಲ್ಲ. ಲೋಕಾಯುಕ್ತರಾಗಿದ್ದ ಸಂತೋಷ್ ಹೆಗ್ಡೆ ಅವರ ವರದಿ, ಬಳ್ಳಾರಿ ಗಣಿಗಾರಿಕೆಗೆ ಸುಪ್ರೀಂ ಕೋರ್ಟ್ ಹಾಕಿದ ತಡೆ, ಎರಡೂ 2011ರ ಜುಲೈನಲ್ಲಿ ಬಂದವು. ಗಣಿ ನಿಂತಾಗ ಈ ಸೀಮೆಗೆ ಪ್ರವಾಸೋದ್ಯಮವೇ ಬದಲಿ ಅನ್ನವಾಗಬೇಕಿತ್ತು. ಆದರೆ ಅದೇ ತಿಂಗಳು ಹಂಪಿಯ ವಿರೂಪಾಕ್ಷ ಬಜಾರಿಗೆ ಬುಲ್ಡೋಜರ್ ಬಂತು. ಸಾಲುಮಂಟಪಗಳಲ್ಲಿ ಮನೆ, ಅಂಗಡಿ, ಖಾನಾವಳಿ ಕಟ್ಟಿಕೊಂಡಿದ್ದ ಕುಟುಂಬಗಳು ಎದ್ದು ಕಡ್ಡಿರಾಂಪುರದ ನಿವೇಶನಗಳತ್ತ ಹೋಗಬೇಕಾಯಿತು.

ಎರಡನೆಯ ಏಟು ಬಿದ್ದದ್ದು ಆಚೆ ದಂಡೆಗೆ. ವಿರೂಪಾಪುರ ಗಡ್ಡಿ ಕೊಪ್ಪಳ ಜಿಲ್ಲೆಗೆ ಸೇರಿದ್ದು. ಭತ್ತದ ಗದ್ದೆ, ತೆಂಗು, ಬಂಡೆಗಳ ನಡುವೆ ಅಲ್ಲಿ ಮೂರು ದಶಕಗಳಲ್ಲಿ ಒಂದು ಪುಟ್ಟ ಗೋವಾ ಎದ್ದಿತ್ತು. ನೆಲಕ್ಕೆ ಹಾಸಿದ ಹಾಸಿಗೆ, ಗಿಡ್ಡ ಮೇಜು, ಜೋಲಿ, ಇಸ್ರೇಲಿ ಊಟ, ತಡರಾತ್ರಿಯ ಸಂಗೀತ. ಅಂಜುನಾದಲ್ಲಿ, ಗೋಕರ್ಣದ ಕುಡ್ಲೆಯಲ್ಲಿ ಕಲಿತ ವಿರಾಮದ ರೀತಿಯನ್ನು ಜನ ಹಾಗೆಯೇ ತುಂಗಭದ್ರೆಯ ದಂಡೆಗೆ ತಂದಿದ್ದರು. 1988ರಲ್ಲೇ ಸಂರಕ್ಷಿತವೆಂದು ಸಾರಿದ ಪ್ರದೇಶದಲ್ಲಿ ಎದ್ದ ಈ ಕಟ್ಟಡಗಳು ಅಕ್ರಮ ಎಂಬ ಹೈಕೋರ್ಟಿನ ತೀರ್ಪನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚಿನಲ್ಲಿ ಗಡ್ಡಿ ನೆಲಸಮ. ಅದಕ್ಕೆ ಒಂದೇ ವರ್ಷದ ಹಿಂದೆ, 2019ರಲ್ಲಿ ನೋಡಲೇಬೇಕಾದ 52 ತಾಣಗಳ ಪಟ್ಟಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತ್ತು.

ತೀರ್ಪು ಸರಿಯಾದದ್ದೇ. ವಿಶ್ವ ಪರಂಪರೆಯ ತಾಣವೊಂದು ಅಪಾಯದ ಪಟ್ಟಿ ಸೇರುವುದು ಏನೆಂದು ಹಂಪಿಗೆ ಗೊತ್ತು. 1999ರಿಂದ 2006ರವರೆಗೆ ಅದು ಆ ಪಟ್ಟಿಯಲ್ಲಿತ್ತು. ತಪ್ಪಿರುವುದು ಕೆಡವಿದ ಮೇಲಿನ ಮೌನದಲ್ಲಿ. ಇಲ್ಲಿ ಬೇಡ ಎಂದವರು ಎಲ್ಲಿ ಬೇಕು ಎಂದು ಹೇಳಲಿಲ್ಲ. ವಿಶ್ರಾಂತಿಗೆ ಬಂದವರು ಸ್ಮಾರಕಕ್ಕೆ ಶತ್ರುಗಳು ಎಂಬಂತೆ ನಡೆದುಕೊಂಡದ್ದರಿಂದ ಪ್ರವಾಸಿಗಳು ಬರುವುದು ನಿಲ್ಲಲಿಲ್ಲ, ಸಾಣಾಪುರ, ಆನೆಗೊಂದಿಯ ಕಡೆಗೆ ಚದುರಿದರು. ಚದುರಿದ ಕಡೆ ದಾರಿದೀಪವಿಲ್ಲ, ಕಾವಲಿಲ್ಲ, ನೀರಿನ ಹತ್ತಿರ ಎಚ್ಚರಿಸುವವರಿಲ್ಲ. 2025ರ ಫೆಬ್ರವರಿಯಲ್ಲಿ ಸಾಣಾಪುರದ ಬಳಿ ಬಂಡೆಯ ಮೇಲಿಂದ ನದಿಗೆ ಹಾರಿದ ಹೈದರಾಬಾದಿನ ಯುವ ವೈದ್ಯೆ ಮರಳಿ ಬರಲಿಲ್ಲ. ಮಾರ್ಚಿನಲ್ಲಿ ಅಲ್ಲೇ ಕಾಲುವೆ ಬದಿಯಲ್ಲಿ ರಾತ್ರಿ ಕುಳಿತಿದ್ದ ಪ್ರವಾಸಿಗಳ ಮೇಲೆ ನಡೆದ ಅಮಾನುಷ ದಾಳಿಯಲ್ಲಿ ಒಡಿಶಾದ ಯುವಕನೊಬ್ಬ ಸತ್ತ. ಅತಿಥಿಯಾಗಿ ಬಂದವರಿಗೆ ಈ ನೆಲದಲ್ಲಿ ಹೀಗಾಯಿತು ಎಂಬ ಸಂಕಟ ಎರಡೂ ದಂಡೆಯ ಜನರಲ್ಲಿದೆ.

ನದಿಯನ್ನು ಕಡಲತೀರ ಮಾಡಲು ಹೊರಡುವುದೇ ಅಪಾಯ. ಕಡಲಲ್ಲೂ ಸಾವು ದೂರವಿಲ್ಲ; 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯ ನಾಲ್ವರು ಹುಡುಗಿಯರು ಅಲೆಗೆ ಸಿಕ್ಕಿ ಸತ್ತಾಗ ಬೀಚನ್ನೇ ಕೆಲವು ದಿನ ಮುಚ್ಚಬೇಕಾಯಿತು. ತುಂಗಭದ್ರೆಯದು ಇನ್ನೂ ಮೋಸದ ನೀರು. ಮೇಲೆ ಶಾಂತ, ಕೆಳಗೆ ಬಂಡೆಗಳ ನಡುವೆ ಸುಳಿ. ಅಣೆಕಟ್ಟೆಯ ಗೇಟು ಎತ್ತಿದರೆ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿ ಸೇತುವೆಯ ಮೇಲೆ ಸಂಚಾರ ನಿಲ್ಲುತ್ತದೆ. ಅಲ್ಲದೆ ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹರಿವು 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಮೊಸಳೆಗಳೂ ಇವೆ. ತೆಪ್ಪದಲ್ಲಿ ಕುಳಿತು ನೋಡಬೇಕಾದ ನದಿ ಇದು. ಅದೂ ಜೀವರಕ್ಷಕ ಜಾಕೆಟ್ ತೊಟ್ಟು, ಪರವಾನಗಿ ಇರುವ ತೆಪ್ಪದವರ ಜೊತೆ.

ಹಾಗಾದರೆ ಇಲ್ಲಿ ರಜೆ ಕಳೆಯುವುದು ಹೇಗೆ? ಉತ್ತರಕ್ಕೆ ಕಮಲಾಪುರದಲ್ಲೇ ನಿಲ್ಲಬೇಕು. ರಾಯ ಕಾಲುವೆಯ ನೀರುಂಡ ವಿಜಯನಗರ ಕಾಲದ ಕೆರೆ ಊರಿನ ಮಗ್ಗುಲಲ್ಲೇ ಇದೆ. ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ ಇಲ್ಲಿದೆ. ಅದರ ಅಂಗಳದಲ್ಲಿ ಬೆಟ್ಟ, ಹೊಳೆ, ಗುಡಿ, ಕೋಟೆಗಳೊಂದಿಗೆ ಇಡೀ ಹಂಪಿಯ ಮಾದರಿ ಇದೆ. ಅದನ್ನು ಒಂದು ಸುತ್ತು ಹಾಕಿ ಹೊರಟವರಿಗೆ ಸ್ಮಾರಕಗಳು ಬಿಡಿಬಿಡಿ ಕಲ್ಲಾಗಿ ಕಾಣುವುದಿಲ್ಲ, ಒಂದು ರಾಜಧಾನಿ ಕಾಣುತ್ತದೆ. ಊರಾಚೆ ಪಟ್ಟಾಭಿರಾಮನ ಗುಡಿ, ವಿಠ್ಠಲನಷ್ಟೇ ಭವ್ಯ, ಹೆಚ್ಚಿನ ದಿನ ನಿರ್ಜನ. ಸಂಜೆಗೆ ದರೋಜಿ ಕರಡಿಧಾಮ. ಬೆಳಗಿನ ಒಗ್ಗರಣೆ, ಮಿರ್ಚಿ ಅಂತೂ ತಪ್ಪದು. ಹಂಪಿಯ ಬಿಸಿಲಿಗೆ ಹೊಂದುವ ದಿನಚರಿ ಇದು: ಮುಂಜಾನೆ ಕಲ್ಲು, ನಡುಹಗಲು ನೆರಳು, ಇಳಿಹೊತ್ತಿಗೆ ಮತ್ತೆ ನಡಿಗೆ. ಇದಕ್ಕೆ ಮೂರು ರಾತ್ರಿಯಾದರೂ ಬೇಕು.

ಆ ಮೂರು ರಾತ್ರಿಗೆ ಇಂದು ಇರುವ ದಾರಿಗಳು ಕಡಿಮೆ. ಒಂದು ಕಡೆ ಸರ್ಕಾರದ ಮಯೂರ ಭುವನೇಶ್ವರಿ. ಇನ್ನೊಂದು ಕಡೆ ಮಧ್ಯಮ ವರ್ಗದ ಕುಟುಂಬ ಒಳಹೋಗಲು ಹಿಂಜರಿಯುವ ಐಷಾರಾಮಿ ರೆಸಾರ್ಟು. 2023ರ ಜುಲೈನಲ್ಲಿ ಜಿ-20ರ ಸಭೆಗಳು ಹಂಪಿಗೆ ಬಂದಾಗ ರಸ್ತೆಗಳು ಸರಿಹೋದವು, ಬೀದಿಗಳು ಬೆಳಗಿದವು. ಸಂಡೂರು ಕುಶಲಕಲಾ ಕೇಂದ್ರದ ಲಂಬಾಣಿ ಮಹಿಳೆಯರು ಕಸೂತಿ ಹಾಕಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಯಾಯಿತು. ದಾಖಲೆಯ ಹೆಮ್ಮೆ ದೊಡ್ಡದು. ಆದರೆ ಆ ಕಸೂತಿ ದಿನನಿತ್ಯ ಮಾರಾಟವಾಗಬೇಕಾದರೆ ಬೇಕಿರುವುದು ಊರಲ್ಲಿ ಉಳಿಯುವ, ಬೀದಿಯಲ್ಲಿ ಅಡ್ಡಾಡುವ, ಸಾವಧಾನದಿಂದ ಕೊಳ್ಳುವ ಅತಿಥಿಗಳು. ಆಟೊದಲ್ಲಿ ಹಾದುಹೋಗುವವರು ಏನನ್ನೂ ಕೊಳ್ಳುವುದಿಲ್ಲ.

ಕೊಡಗಿನಲ್ಲಿ ಮನೆಮಂದಿಯೇ ಹೋಂಸ್ಟೇ ನಡೆಸಿ ತೋರಿಸಿದ್ದಾರೆ. ಕೇರಳ ಹೋಂಸ್ಟೇಗಳಿಗೆ ದರ್ಜೆ ಕೊಟ್ಟು ವ್ಯವಸ್ಥೆಗೆ ತಂದಿದೆ. ಸ್ಮಾರಕಗಳ ಸಂರಕ್ಷಿತ ಎಲ್ಲೆಗಳ ಹೊರಗೆ, ಕಮಲಾಪುರ ಮತ್ತು ಕಡ್ಡಿರಾಂಪುರದ ಈಗಿರುವ ಮನೆಗಳಲ್ಲೇ, ಹೊಸ ಅಂತಸ್ತು ಏರಿಸದೆ ಒಂದೆರಡು ಕೋಣೆ ಬಿಟ್ಟುಕೊಡುವ ಕುಟುಂಬಗಳಿಗೆ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಸರಳವಾದ ಒಪ್ಪಿಗೆಯ ದಾರಿ ತೆರೆಯಬೇಕು. ಬಜಾರಿನಿಂದ ಎದ್ದುಬಂದವರಿಗೆ ಅದರಲ್ಲಿ ಮೊದಲ ಪಾಲು ಸಿಗಬೇಕು. ದಶಕಗಟ್ಟಲೆ ಪ್ರವಾಸಿಗಳನ್ನು ಸಾಕಿದ ಅನುಭವ ಇರುವುದು ಅವರಿಗೇ.

ಕಾಲದ ಲೆಕ್ಕವನ್ನೂ ತಿರುಗಿಸಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಕಡಲು ಉಗ್ರ, ಜಲಕ್ರೀಡೆ ಬಂದ್. ಅದೇ ಹೊತ್ತಿಗೆ ಮಳೆ ನೆರಳಿನ ಈ ಸೀಮೆಯಲ್ಲಿ ಬಿಸಿಲು ತಣಿದಿರುತ್ತದೆ, ಜಲಾಶಯ ತುಂಬುತ್ತಿರುತ್ತದೆ, ಸಂಡೂರಿನ ಬೆಟ್ಟಗಳು ಹಸಿರಾಗಿರುತ್ತವೆ. ಸೆಪ್ಟೆಂಬರಿನಲ್ಲಿ ಸಂಡೂರು ನೋಡಬೇಕೆಂದು 1934ರ ಭೇಟಿಯಲ್ಲಿ ಗಾಂಧೀಜಿ ಹೇಳಿದರೆಂಬ ಮಾತು ಸಂಡೂರಿನವರ ಬಾಯಲ್ಲಿ ಈಗಲೂ ಇದೆ. ಕಡಲು ಮುನಿದ ನಾಲ್ಕು ತಿಂಗಳು ಕಮಲಾಪುರದ ಸುಗ್ಗಿಯಾಗಬಹುದು. ಕಾರವಾರ, ಗೋಕರ್ಣದಿಂದ ಹೊಸಪೇಟೆಗೆ ಹಗಲು ಬಸ್ಸು, ಹೊಸಪೇಟೆಯಿಂದ ಕಮಲಾಪುರ, ಸಂಡೂರು, ಕಂಪ್ಲಿಗೆ ಸುತ್ತುಬಸ್ಸು ಇದಕ್ಕೆ ಸಾಕು.

ಇನ್ನೊಂದು ಸಣ್ಣ ಕೆಲಸಕ್ಕೆ ಯೋಜನೆಯೂ ಬೇಡ, ಟೆಂಡರೂ ಬೇಡ. ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ವಾರಾಂತ್ಯಕ್ಕೆಂದು ಗುರುವಾರ ರಾತ್ರಿ ಕರಾವಳಿಯಿಂದ, ಬೆಂಗಳೂರಿನಿಂದ ಹೊರಟವರು ಬಂದಿಳಿಯುವುದು ಸರಿಯಾಗಿ ಶುಕ್ರವಾರ ಬೆಳಿಗ್ಗೆ, ಹಂಪಿಯ ಆ ಮಾದರಿಯನ್ನು ಎಲ್ಲಕ್ಕಿಂತ ಮೊದಲು ನೋಡಬೇಕಾದ ಹೊತ್ತಿಗೆ. ರಜೆಯನ್ನು ವಾರದ ನಡುವಿನ ಒಂದು ದಿನಕ್ಕೆ ಸರಿಸುವಂತೆ ಪುರಾತತ್ವ ಇಲಾಖೆಯನ್ನು ಜಿಲ್ಲಾಡಳಿತ ಈ ವರ್ಷವೇ ಕೇಳಬೇಕು.