ತಂತ್ರಾಂಶ ಮಾಡಿಸುವವರ ಹೊಣೆ

ಸಣ್ಣ ಕೈಗಾರಿಕೆಯ ಮಾಲೀಕರು ಒಂದು ಲೇತ್ ಯಂತ್ರವನ್ನು ಕೊಳ್ಳುವ ಮುನ್ನ ನಾಲ್ಕು ಕಡೆ ವಿಚಾರಿಸುತ್ತಾರೆ, ಕೊಟೇಶನ್‌ಗಳನ್ನು ತರಿಸಿ ಹೋಲಿಸುತ್ತಾರೆ, ಯಂತ್ರ ಬಂದ ಮೇಲೆ ಮಾದರಿ ಬಿಡಿಭಾಗವೊಂದನ್ನು ತಯಾರಿಸಿ ನೋಡಿದ ಹೊರತು ಬಾಕಿ ಹಣವನ್ನು ಪಾವತಿಸುವುದಿಲ್ಲ. ಅದೇ ಮಾಲೀಕರು ದಾಸ್ತಾನು, ಬಿಲ್ಲು ಮತ್ತು ಉತ್ಪಾದನೆಯ ಲೆಕ್ಕಕ್ಕೆಂದು ತಂತ್ರಾಂಶ ಮಾಡಿಸಲು ಹೊರಟಾಗ ಈ ಎಚ್ಚರಿಕೆ ಸಡಿಲಗೊಳ್ಳುತ್ತದೆ. ಅದು ಕಂಪ್ಯೂಟರ್‌ನವರ ವಿಷಯವೆಂದು ಇಡೀ ಕೆಲಸವನ್ನು ಅವರಿಗೆ ಒಪ್ಪಿಸಿ ಸುಮ್ಮನಾಗುವುದು ವಾಡಿಕೆ. ವರ್ಷ ಕಳೆಯುವಷ್ಟರಲ್ಲಿ ಹಣ ಕೈಬಿಟ್ಟಿರುತ್ತದೆ. ಲೆಕ್ಕ ಮಾತ್ರ ಹಳೆಯ ಪುಸ್ತಕದಲ್ಲಿಯೇ ನಡೆದಿರುತ್ತದೆ. ತಂತ್ರಾಂಶ ರಚನೆಯ ಪದ್ಧತಿಗಳು ಇಂದು ಬಹಳ ಬದಲಾಗಿವೆ. ಆ ಬದಲಾವಣೆಯಿಂದ ಅರ್ಧ ಹೊಣೆ ಮಾಡಿಸಿಕೊಳ್ಳುವವರ ಮೇಲೆ ಬಿದ್ದಿದೆ ಎಂಬುದನ್ನು ನಮ್ಮ ವರ್ತಕರು ಮತ್ತು ಉದ್ಯಮಿಗಳು ಇನ್ನೂ ಪೂರ್ತಿಯಾಗಿ ಗಮನಿಸಿಲ್ಲ.

ಹಳೆಯ ಪದ್ಧತಿ ಕಟ್ಟಡ ಕಟ್ಟುವ ಕ್ರಮವನ್ನು ಹೋಲುತ್ತದೆ. ಅಗತ್ಯಗಳ ಪಟ್ಟಿ, ವಿನ್ಯಾಸ, ರಚನೆ, ಪರೀಕ್ಷೆ, ಹಸ್ತಾಂತರ ಎಂದು ಒಂದು ಹಂತ ಮುಗಿದ ಮೇಲೆ ಮತ್ತೊಂದು. ನೀರಿನಂತೆ ಮೇಲಿನಿಂದ ಕೆಳಕ್ಕೆ ಮಾತ್ರ ಸಾಗುವುದರಿಂದ ಇದಕ್ಕೆ 'ವಾಟರ್‌ಫಾಲ್' ಎಂದು ಹೆಸರು. ಇದರ ಮೂಲವೆಂದು ಸಾಮಾನ್ಯವಾಗಿ ಹೇಳಲಾಗುವುದು ಅಮೆರಿಕದ ವಿನ್‌ಸ್ಟನ್ ರಾಯ್ಸ್ ಅವರು 1970ರಲ್ಲಿ ಪ್ರಕಟಿಸಿದ ಪ್ರಬಂಧವನ್ನು. ಆದರೆ ಪರೀಕ್ಷೆಯನ್ನು ಕೊನೆಗೆ ಉಳಿಸಿಕೊಳ್ಳುವ ಕ್ರಮ ಅಪಾಯಕಾರಿ ಎಂದು ರಾಯ್ಸ್ ಅವರು ಅದೇ ಪ್ರಬಂಧದಲ್ಲಿ ಎಚ್ಚರಿಸಿದ್ದರು. ಹೊಸ ಬಗೆಯ ತಂತ್ರಾಂಶವಾದರೆ ಮೊದಲು ಸಣ್ಣ ಪ್ರಮಾಣದಲ್ಲಿ ಒಮ್ಮೆ ರಚಿಸಿ ನೋಡಬೇಕೆಂದೂ ಸೂಚಿಸಿದ್ದರು. ಲೋಕವು ಅವರ ನಕ್ಷೆಯನ್ನು ಉಳಿಸಿಕೊಂಡು ಎಚ್ಚರಿಕೆಯನ್ನು ಮರೆಯಿತು.

ಇದಕ್ಕೆ ಪ್ರತಿಯಾಗಿ ಬಂದುದು 'ಅಜೈಲ್' ಎಂಬ ಹೊಸ ವಿಚಾರ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ 17 ಮಂದಿ ತಜ್ಞರು ಇದರ ಘೋಷಣೆಯನ್ನು ಸಿದ್ಧಪಡಿಸಿದರು. ಕಾಗದಪತ್ರಗಳ ರಾಶಿಗಿಂತ ಕೆಲಸ ಮಾಡುವ ತಂತ್ರಾಂಶಕ್ಕೂ, ಕರಾರಿನ ಚೌಕಾಶಿಗಿಂತ ಗ್ರಾಹಕರೊಡನೆ ಕೂಡಿ ದುಡಿಯುವುದಕ್ಕೂ ಹೆಚ್ಚಿನ ಬೆಲೆ ಕೊಡಬೇಕೆಂಬುದು ಅದರ ತಿರುಳಿನ ಭಾಗ. ಈ ಬಗೆಯ ಪದ್ಧತಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 'ಸ್ಕ್ರಮ್'ನಲ್ಲಿ ಒಂದು ತಿಂಗಳಿಗೆ ಮೀರದ ಹಂತಗಳಲ್ಲಿ ಕೆಲಸ ನಡೆಯುತ್ತದೆ. ಪ್ರತಿ ಹಂತದ ಕೊನೆಗೆ ಬಳಸಿ ನೋಡಬಹುದಾದ ಒಂದು ಭಾಗ ಸಿದ್ಧವಾಗಿರಬೇಕು. ತಯಾರಕರಿಗೆ ಇದು ಪರಕೀಯ ವಿಚಾರವಲ್ಲ. ಸ್ಕ್ರಮ್ ಎಂಬ ಹೆಸರಿನ ಹಿಂದಿರುವುದು, ಹೋಂಡಾ, ಕ್ಯಾನನ್ ಮೊದಲಾದ ಕಂಪನಿಗಳು ಹೊಸ ಉತ್ಪನ್ನಗಳನ್ನು ರೂಪಿಸುವ ರೀತಿಯನ್ನು ಕುರಿತು ಜಪಾನಿನ ಟಕೆಯುಚಿ ಮತ್ತು ನೊನಾಕಾ ಅವರು 1986ರಲ್ಲಿ ಬರೆದ ಲೇಖನ.

ನಮ್ಮ ವ್ಯಾಪಾರಕ್ಕೆ ಈ ಪದ್ಧತಿ ಏಕೆ ಬೇಕೆಂಬುದಕ್ಕೆ ತೆರಿಗೆ ವ್ಯವಸ್ಥೆಯೊಂದನ್ನು ನೋಡಿದರೆ ಸಾಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದಿತು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಇ-ವೇ ಬಿಲ್ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಗೆ ಕಡ್ಡಾಯವಾಯಿತು. 2023ರ ಆಗಸ್ಟ್ ವೇಳೆಗೆ ಆ ಮಿತಿ 5 ಕೋಟಿಗೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕುಗಳು ಶೇ. 5 ಮತ್ತು ಶೇ. 18 ಎಂಬ ಎರಡು ಮುಖ್ಯ ದರಗಳಡಿ ಬಂದವು. ಇವೆಲ್ಲವನ್ನೂ ಮೊದಲೇ ಊಹಿಸಿ ಅಗತ್ಯಗಳ ಪಟ್ಟಿ ಬರೆಯಬಲ್ಲವರು ಯಾರೂ ಇರಲಿಲ್ಲ. ಬದಲಾವಣೆಯನ್ನು ತಪ್ಪೆಂದು ಎಣಿಸುವ ಪದ್ಧತಿಗಿಂತ ಅದನ್ನು ನಿರೀಕ್ಷಿಸಿಯೇ ನಡೆಯುವ ಪದ್ಧತಿ ಲೇಸು.

ಆದರೆ ಪದ್ಧತಿಯ ಹೆಸರು ಬದಲಾದ ಮಾತ್ರಕ್ಕೆ ಕೆಲಸ ಕೈಗೂಡುವುದಿಲ್ಲ. ಅಮೆರಿಕದ ತನಿಖಾ ಸಂಸ್ಥೆಯಾದ ಎಫ್‌ಬಿಐ ಪ್ರಕರಣಗಳ ಕಡತ ನಿರ್ವಹಣೆಗೆಂದು ಮಾಡಿಸುತ್ತಿದ್ದ ತಂತ್ರಾಂಶವನ್ನು ಸುಮಾರು 17 ಕೋಟಿ ಡಾಲರ್ ಯೋಜನೆಯ ಬಳಿಕ 2005ರಲ್ಲಿ ಕೈಬಿಟ್ಟಿತು. 2006ರಲ್ಲಿ 'ಸೆಂಟಿನೆಲ್' ಎಂಬ ಹೊಸ ಯೋಜನೆಯನ್ನು ದೊಡ್ಡ ಕಂಪನಿಗೆ ವಹಿಸಿತು, ಅದೂ ಕುಂಟಿತು. 2010ರಲ್ಲಿ ಸಂಸ್ಥೆಯು ಉಸ್ತುವಾರಿಯನ್ನು ತಾನೇ ವಹಿಸಿಕೊಂಡು, ಚಿಕ್ಕ ತಂಡದೊಡನೆ ಎರಡೆರಡು ವಾರಗಳ ಹಂತಗಳಲ್ಲಿ ಕೆಲಸ ನಡೆಸಿತು. 2012ರ ಜುಲೈನಲ್ಲಿ ತಂತ್ರಾಂಶ ಬಳಕೆಗೆ ಬಂದಿತು. ಇಲ್ಲಿ ಪದ್ಧತಿಯೊಡನೆ ಉಸ್ತುವಾರಿಯೂ ಬದಲಾಯಿತು: ಮಾಡಿಸುವ ಯಜಮಾನನೇ ಕೆಲಸದ ಸ್ಥಳಕ್ಕೆ ಬಂದನು.

ಈಗ ನಮ್ಮಲ್ಲಿ ಕೇಳಿಬರುವ ಒಂದು ಮಾತನ್ನು ಪರಿಶೀಲಿಸಬೇಕು. "ನಾವು ಅಜೈಲ್ ಪದ್ಧತಿಯವರು, ಆದ್ದರಿಂದ ಬೆಲೆಯನ್ನಾಗಲಿ ದಿನಾಂಕವನ್ನಾಗಲಿ ಮೊದಲೇ ಹೇಳಲಾಗದು, ತಿಂಗಳಿಗಿಷ್ಟು ಎಂದು ಕೊಡುತ್ತಾ ಹೋಗಿ" ಎನ್ನುವವರಿದ್ದಾರೆ. ಇದನ್ನು ಒಪ್ಪಬೇಕಾಗಿಲ್ಲ. ಅಜೈಲ್ ಘೋಷಣೆಯು ಕರಾರನ್ನಾಗಲಿ ದಾಖಲೆಯನ್ನಾಗಲಿ ನಿರಾಕರಿಸುವುದಿಲ್ಲ. ಅವುಗಳಿಗೂ ಬೆಲೆ ಇದೆಯೆಂದು ಸ್ಪಷ್ಟವಾಗಿ ಹೇಳುತ್ತದೆ. ಹಾಗೆಂದು, ಎಲ್ಲ ಅಗತ್ಯಗಳನ್ನೂ ಮೊದಲೇ ಬರೆದು ಒಂದೇ ಬೆಲೆಗೆ ಕಟ್ಟಿಹಾಕುವ ಹಳೆಯ ಹಠವೂ ಸರಿಯಲ್ಲ. ಸಮಯ ಮತ್ತು ಹಣವನ್ನು ನಿಗದಿಪಡಿಸಿ, ಮಾಡಬೇಕಾದ ಅಂಶಗಳ ಪಟ್ಟಿಯನ್ನು ಮಾತ್ರ ಹಂತಹಂತಕ್ಕೆ ಬದಲಿಸುವ ಅವಕಾಶ ಇಟ್ಟುಕೊಳ್ಳುವುದು ಸಣ್ಣ ಉದ್ಯಮಕ್ಕೆ ಒಪ್ಪುವ ಮಧ್ಯಮ ಮಾರ್ಗ. ಹೊಸದೊಂದು ಅಂಶ ಬೇಕೆಂದರೆ ಅಷ್ಟೇ ತೂಕದ ಮತ್ತೊಂದನ್ನು ಮುಂದೂಡಬೇಕು. ಪ್ರತಿ ಹಂತಕ್ಕೂ ಪ್ರತ್ಯೇಕ ಪಾವತಿ ಇರಲಿ. ಯಾವ ಹಂತದ ಕೊನೆಗಾದರೂ ಕೆಲಸ ನಿಲ್ಲಿಸುವ ಹಕ್ಕು ಮಾಡಿಸುವವರಿಗೆ ಇರಲಿ.

ಇದಕ್ಕೆ ಪ್ರತಿಯಾಗಿ ಮಾಲೀಕರು ತೆರಬೇಕಾದುದು ತಮ್ಮ ಸಮಯವನ್ನು. ಜಾಬ್ ವರ್ಕ್‌ಗೆ ಕಳುಹಿಸಿದ ಮಾಲಿನಲ್ಲಿ ತಿರಸ್ಕೃತವಾದ ಭಾಗಗಳು ಯಾರ ಲೆಕ್ಕಕ್ಕೆ ಸೇರಬೇಕು, ಉದ್ರಿ ಗ್ರಾಹಕರ ಸಾಲದ ಮಿತಿ ಮೀರಿದಾಗ ಬಿಲ್ಲನ್ನು ತಡೆಯಬೇಕೇ ಎಂಬ ಪ್ರಶ್ನೆಗಳಿಗೆ ಕಂಪ್ಯೂಟರ್ ತಜ್ಞರಲ್ಲಿ ಉತ್ತರವಿರುವುದಿಲ್ಲ. ಹೊಸದಾಗಿ ಸೇರಿದ ಗುಮಾಸ್ತರನ್ನು ಈ ಕೆಲಸಕ್ಕೆ ನೇಮಿಸಿದರೆ ಅವರು ಎಲ್ಲಕ್ಕೂ 'ಕೇಳಿ ಹೇಳುತ್ತೇನೆ' ಎನ್ನುವರು. ಗೋದಾಮಿನ ಒಳಹೊರಗು ಬಲ್ಲ, ಅಲ್ಲಿಯೇ ತೀರ್ಮಾನ ಹೇಳುವ ಅಧಿಕಾರವುಳ್ಳ ಒಬ್ಬರು ಹದಿನೈದು ದಿನಕ್ಕೊಮ್ಮೆ ಕುಳಿತು, ನಿಜವಾದ ಬಿಲ್ಲುಗಳನ್ನೇ ಹಾಕಿ ಪರೀಕ್ಷಿಸಬೇಕು. ಕೆಲಸ ತಡವಾದಾಗ ಇನ್ನಷ್ಟು ಜನರನ್ನು ಹಾಕಿರೆಂದು ಒತ್ತಾಯಿಸುವುದೂ ವ್ಯರ್ಥ. ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಮತ್ತಷ್ಟು ತಡವಾಗುತ್ತದೆ ಎಂದು ಐಬಿಎಂನಲ್ಲಿ ದುಡಿದ ಫ್ರೆಡ್ ಬ್ರೂಕ್ಸ್ ಅವರು 1975ರಲ್ಲಿಯೇ ಬರೆದಿದ್ದಾರೆ. ಹೊಸಬರಿಗೆ ಕಲಿಸುವ ಹೊರೆ ಹಳಬರ ಮೇಲೆ ಬೀಳುವುದು ಅದಕ್ಕೆ ಒಂದು ಕಾರಣ.

ಮತ್ತೊಂದು ಎಚ್ಚರಿಕೆ ಅತ್ಯಗತ್ಯ. ಹಣ ಕೊಟ್ಟು ಮಾಡಿಸಿದ ತಂತ್ರಾಂಶ ತಮ್ಮದೇ ಎಂದು ಅನೇಕರು ಭಾವಿಸುತ್ತಾರೆ. 1957ರ ಕೃತಿಸ್ವಾಮ್ಯ ಅಧಿನಿಯಮದ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯೆಂದು ಪರಿಗಣಿತ. ಅದನ್ನು ರಚಿಸಿದವರು ನಮ್ಮ ನೌಕರರಲ್ಲದೆ ಹೊರಗಿನ ಗುತ್ತಿಗೆದಾರರಾಗಿದ್ದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹಕ್ಕು ಸಾಮಾನ್ಯವಾಗಿ ಅವರ ಕಡೆಗೇ ಉಳಿಯುತ್ತದೆ. ಹಕ್ಕಿನ ವರ್ಗಾವಣೆ ಲಿಖಿತವಾಗಿ ಸಹಿಯೊಡನೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷಗಳಿಗೆ ಮಾತ್ರ ಎಂದು ಕಾನೂನು ಭಾವಿಸುತ್ತದೆ. ಆದ್ದರಿಂದ ಪ್ರತಿ ಹಂತದಲ್ಲಿಯೂ ಸೋರ್ಸ್ ಕೋಡ್ ಮತ್ತು ದತ್ತಾಂಶದ ಪ್ರತಿ ನಮ್ಮ ಕೈಸೇರುವಂತೆ ಕರಾರಿನಲ್ಲಿಯೇ ಬರೆಯಿಸಿಕೊಳ್ಳಬೇಕು. ಇಲ್ಲವಾದರೆ ಕೆಲಸ ನಿಲ್ಲಿಸುವ ಹಕ್ಕು ಕಾಗದದ ಮೇಲಷ್ಟೇ ಉಳಿದೀತು.

ಇತ್ತೀಚೆಗೆ ಕೃತಕ ಬುದ್ಧಿಮತ್ತೆಯ ಸಾಧನಗಳು ಕೋಡ್ ಬರೆಯುವ ಶ್ರಮವನ್ನು ಬಹಳಷ್ಟು ತಗ್ಗಿಸಿವೆ. ಕೆಲಸ ಇನ್ನು ಸುಲಭವೆಂದು ತಿಳಿಯುವುದು ಅವಸರದ ಮಾತು. ಏನು ಬೇಕೆಂದು ನಿರ್ಧರಿಸುವ ಮತ್ತು ಬಂದುದು ಸರಿಯೇ ಎಂದು ಪರೀಕ್ಷಿಸುವ ಎರಡೂ ಕೆಲಸಗಳು ಮೊದಲಿನಂತೆಯೇ ಉಳಿದಿವೆ. ವೇಗ ಹೆಚ್ಚಿದಷ್ಟೂ ಅವುಗಳ ಭಾರ ಹೆಚ್ಚುತ್ತದೆ. ಸಿದ್ಧವಾಗಿ ದೊರೆಯುವ ಲೆಕ್ಕಪತ್ರ ತಂತ್ರಾಂಶದಿಂದ ಆಗುವ ಕೆಲಸಕ್ಕೆ ಅದನ್ನೇ ಕೊಳ್ಳೋಣ. ನಮ್ಮ ಉದ್ಯಮಕ್ಕೆ ವಿಶಿಷ್ಟವಾದುದನ್ನಷ್ಟೇ ಮಾಡಿಸೋಣ. ಮಾಡಿಸುವುದಾದರೆ ಒಂದು ವಿಭಾಗದಿಂದ ಆರಂಭಿಸೋಣ. ಲೇತ್ ಯಂತ್ರದ ಮುಂದೆ ನಿಂತು ಮಾದರಿಯನ್ನು ಪರೀಕ್ಷಿಸುವ ಅದೇ ಕಣ್ಣು ಇಲ್ಲಿಯೂ ತೆರೆದಿರಬೇಕು.