ದೆವ್ವ ಬಿಡಿಸೋದು ಪೊಲೀಸರ ಕೆಲಸೇನು?

1/3
ದೋಸ್ತರ, ‘ಡೆಲಿವರ್ ಅಸ್ ಫ್ರಮ್ ಇವಿಲ್’ (2014) ನೋಡೀರೇನು? ನ್ಯೂಯಾರ್ಕ್ ಪೊಲೀಸ್ ಒಬ್ಬ ಪಾದ್ರಿ ಜೊತಿ ಕೂಡಿ ಆರೋಪಿಯ ದೆವ್ವ ಬಿಡಿಸ್ತಾನ. ಅದೂ ಠಾಣೆಯೊಳಗ! ನೋಡಿ ಅಂಜ್ರಿ, ತಕರಾರಿಲ್ಲ. ಆದರ ‘ಸತ್ಯ ಘಟನೆ’ ಅಂದ ಕೂಡಲೇ ನಂಬೋದು ಯಾಕ?

2/3
ನಮ್ಮ ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಉಲ್ಟಾ ಹೇಳ್ತದ. ದೆವ್ವದ ಹೆಸರಿನಾಗ ಕಟ್ಟಿ ಹೊಡೆದವನಿಗೇ 1ರಿಂದ 7 ವರ್ಷ ಜೈಲು, ಜೊತಿಗೆ ದಂಡ. ಪೊಲೀಸರು ಹಿಡೀಬೇಕಾದ್ದು ಅವನನ್ನ!

3/3
‘ಇದು ನಂಬಿಕಿ’ ಅಂತೀರಿ. ಮನ್ಯಾಗ ಪೂಜಿ ಮಾಡ್ರಿ, ಕಾಯ್ದೆ ತಡೆಯಂಗಿಲ್ಲ. ಬಾರುಕೋಲು ನಂಬಿಕಿ ಅಲ್ಲ. ಭಾತಂಬ್ರಾದಾಗ ನಿಮ್ಮ ಓಣಿ ಹುಡುಗಿ ಒದರಾಡಿದರ ವಿಡಿಯೋ ಮಾಡಬ್ಯಾಡ್ರಿ. ಟೆಲಿ ಮಾನಸ್ 14416ಕ್ಕ ಫೋನ್ ಹಚ್ಚ್ರಿ, ಪುಕ್ಕಟ ಅದ. ಹೊಡೀಲಿಕತ್ತಿದ್ರ 112.