ಜಾಹೀರಾತಲ್ಲಿ 32, ರೋಡಲ್ಲಿ 19.6: ಕಾರ್ ಕಂಪನಿ ಮಾತಿಗೆ ಲೆಕ್ಕ ಕೇಳೋದು ಹೇಗೆ?

ಲೀಟರ್ ಡೀಸೆಲ್‌ಗೆ 32 ಕಿಲೋಮೀಟರ್ ಅಂತ ಜಾಹೀರಾತು. ತಜ್ಞರು ಓಡಿಸಿ ನೋಡಿದಾಗ ಸಿಕ್ಕಿದ್ದು 19.6. ಇದು ಪಕ್ಕದ ಕೇರಳದ ತ್ರಿಶ್ಶೂರಿನ ಕೇಸ್. 2014ರಲ್ಲಿ ಫೋರ್ಡ್ ಕ್ಲಾಸಿಕ್ ಡೀಸೆಲ್ ಕಾರು ಕೊಂಡ ಮಹಿಳೆಯೊಬ್ಬರು ಅಲ್ಲಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. 2022ರಲ್ಲಿ ತೀರ್ಪು ಬಂತು. ಒಟ್ಟು 3.10 ಲಕ್ಷ ರೂಪಾಯಿ ಕೊಡಿ ಅಂತ ಆದೇಶ ಆಯ್ತು.

ಎರಡು ಮೂರು ಕಿಲೋಮೀಟರ್ ಕಮ್ಮಿ ಬಂದರೆ ಅದನ್ನು ಮೋಸ ಅನ್ನೋಕಾಗಲ್ಲ. ಸರ್ಟಿಫಿಕೇಟ್‌ನಲ್ಲಿರೋ ಮೈಲೇಜ್ ಲ್ಯಾಬ್‌ನಲ್ಲಿ, ರೋಲರ್ ಮೇಲೆ ಗಾಡಿ ಓಡಿಸಿ ಅಳೆದದ್ದು. ನಮ್ಮ ಗುಂಡಿ, ಹಂಪ್, ಸಂತೆ ದಿನದ ಟ್ರಾಫಿಕ್ ಅಲ್ಲಿರಲ್ಲ. ಆದರೆ ಹೇಳಿದ್ದಕ್ಕಿಂತ ಶೇ. 40ರಷ್ಟು ಕಮ್ಮಿ ಬಂದರೆ ಅದಕ್ಕೆ ರಸ್ತೆಯನ್ನು ದೂರಿ ತಪ್ಪಿಸಿಕೊಳ್ಳೋಕಾಗಲ್ಲ.

ಮೈಲೇಜ್ ಹೋದರೆ ದುಡ್ಡು ಹೋಗುತ್ತೆ, ಏರ್‌ಬ್ಯಾಗ್ ಕೈಕೊಟ್ಟರೆ ಜೀವಾನೇ ಹೋಗಬಹುದು. 2017ರಲ್ಲಿ ದೆಹಲಿ-ಪಾಣಿಪತ್ ಹೆದ್ದಾರಿಯಲ್ಲಿ ಹ್ಯುಂಡೈ ಕ್ರೆಟಾ ಅಪಘಾತವಾದಾಗ ಮುಂದಿನ ಏರ್‌ಬ್ಯಾಗ್ ತೆರೆಯಲೇ ಇಲ್ಲ. ಮಾಲೀಕರಿಗೆ ತಲೆ, ಎದೆಗೆ ಪೆಟ್ಟಾಯ್ತು. ಏರ್‌ಬ್ಯಾಗ್ ತೆರೆಯುವಷ್ಟು ಜೋರಾಗಿ ಡಿಕ್ಕಿ ಆಗಿರಲಿಲ್ಲ ಅನ್ನೋದು ಕಂಪನಿ ವಾದ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಡಿಕ್ಕಿಯ ವೇಗ, ಬಲ ಲೆಕ್ಕ ಹಾಕೋಕೆ ಗ್ರಾಹಕ ಭೌತಶಾಸ್ತ್ರದ ಪಂಡಿತನಾಗಿರಬೇಕಿಲ್ಲ ಎಂದಿತು. ಪರಿಹಾರ ಕೊಡಬೇಕು, ಗಾಡಿಯನ್ನೂ ಬದಲಿಸಿ ಕೊಡಬೇಕು ಎಂಬ ಕೆಳಗಿನ ಆದೇಶ ಗಟ್ಟಿಯಾಯ್ತು.

ಹಾಗಂತ ಎಲ್ಲ ಸಲೀಸು ಅಂದುಕೊಳ್ಳಬೇಡಿ. ಗ್ರಾಹಕರ ಕಾಯ್ದೆ ಪ್ರಕಾರ, ಪರೀಕ್ಷೆ ಬೇಕಾದ ಕೇಸ್ ಕೂಡ ಸಾಧ್ಯವಾದಷ್ಟು ಮಟ್ಟಿಗೆ ಐದು ತಿಂಗಳಲ್ಲಿ ಮುಗಿಯಬೇಕು. ತ್ರಿಶ್ಶೂರಿನವರು ಕಾರು ಕೊಂಡಿದ್ದು 2014ರಲ್ಲಿ, ತೀರ್ಪು ನೋಡಿದ್ದು 2022ರಲ್ಲಿ. ಅಷ್ಟು ವರ್ಷ ಅಲೆಯೋಕೆ ಯಾರಿಗೆ ಪುರುಸೊತ್ತಿದೆ? ಅಂಗಡಿ ಬಾಗಿಲು ಹಾಕಿ ಬರೋರಿಗಂತೂ ದಿನದ ವ್ಯಾಪಾರ ಹೋದಂಗೆ. ಜನ ಸುಸ್ತಾಗಿ ಸುಮ್ಮನಾದರೆ ಲಾಭ ಕಂಪನಿಗೇ.

ಅದಕ್ಕೇ ತಯಾರಿ ಶೋರೂಂನಲ್ಲೇ ಶುರುವಾಗಬೇಕು. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದನ್ನು ಆಮೇಲೆ ಸಾಬೀತು ಮಾಡೋದು ಕಷ್ಟ. ಜಾಹೀರಾತಿನ ಪೇಪರ್ ಕಟಿಂಗ್, ಬ್ರೋಷರ್, ಕೊಟೇಶನ್, ವಾಟ್ಸಾಪ್ ಮೆಸೇಜ್, ಸರ್ವೀಸ್ ಬಿಲ್ ಎಲ್ಲ ಎತ್ತಿಡಿ. ಮೈಲೇಜ್, ಸೇಫ್ಟಿ ಬಗ್ಗೆ ಏನೇ ಹೇಳಿದರೂ "ಸ್ವಲ್ಪ ಬರೆದುಕೊಡಿ ಸಾರ್" ಅನ್ನಿ. ಬರೆದುಕೊಡೋಕೆ ಹಿಂದೇಟು ಹಾಕಿದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ದೂರು ಕೊಡೋಕೆ ಕಂಪನಿ ಇರೋ ಊರಿಗೆ ಹೋಗಬೇಕಿಲ್ಲ. ನೀವು ವಾಸ ಇರೋ ಜಿಲ್ಲೆಯ ಆಯೋಗದಲ್ಲೇ ಕೊಡಬಹುದು. ಕೊಟ್ಟ ಬೆಲೆ 50 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ಮಾಡುತ್ತೆ. 5 ಲಕ್ಷದವರೆಗೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಮಾಹಿತಿಗೆ 1915ಕ್ಕೆ ಫೋನ್ ಮಾಡಿ.

ಅಂಗಡಿಯವರು ಗಮನಿಸಬೇಕಾದ್ದು ಒಂದಿದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡ ಗಾಡಿ ಈ ಕಾಯ್ದೆಯಡಿ ಬರಲ್ಲ. ಆದರೆ ಹೊಟ್ಟೆಪಾಡಿಗೆ, ಸ್ವಯಂ ಉದ್ಯೋಗಕ್ಕೆ ಅಂತ ಕೊಂಡು ತಾವೇ ಬಳಸುವ ಗಾಡಿಗೆ ವಿನಾಯಿತಿ ಇದೆ. ಸರಕು ಸಾಗಿಸೋ ಸಣ್ಣ ಗಾಡಿ ಕೊಂಡು ತಾವೇ ಓಡಿಸಿ ಜೀವನ ಮಾಡೋರೂ ಗ್ರಾಹಕರೇ.